ಹಡಗು ಮುಳುಗಿದ ಮೇಲೆ ದಡದವರ ಪರ ವಾದಿಸುವವರು ಯಾರು?

2025ರ ಮೇ 24ರಂದು ವಿಳಿಂಜಂ ಬಂದರಿನಿಂದ ಕೊಚ್ಚಿಗೆ ಹೊರಟಿದ್ದ ಎಂಎಸ್‌ಸಿ ಎಲ್ಸಾ 3 ಎಂಬ ಕಂಟೇನರ್ ಹಡಗು ಕೇರಳದ ಕಡಲಲ್ಲಿ ಒಂದು ಮಗ್ಗುಲಿಗೆ ವಾಲಿ, ಮರುದಿನ ಮುಳುಗಿತು. ಹಡಗಿನಲ್ಲಿದ್ದ 24 ಮಂದಿಯನ್ನೂ ರಕ್ಷಿಸಲಾಯಿತು. ಆದರೆ ಅದು ಹೊತ್ತಿದ್ದ ಆರುನೂರಕ್ಕೂ ಹೆಚ್ಚು ಕಂಟೇನರ್‌ಗಳಲ್ಲಿ ಕೆಲವು ತೇಲಿ ದಡ ಸೇರಿದವು, ಉಳಿದವು ಕಡಲ ಪಾಲಾದವು. 13 ಕಂಟೇನರ್‌ಗಳಲ್ಲಿ ಅಪಾಯಕಾರಿ ಸರಕಿತ್ತು. ಅವುಗಳಲ್ಲಿ 12ರಲ್ಲಿ ಇದ್ದದ್ದು ನೀರು ತಾಗಿದರೆ ಹೊತ್ತಿ ಉರಿಯುವ ಅನಿಲವನ್ನು ಹೊರಬಿಡುವ ಕ್ಯಾಲ್ಸಿಯಂ ಕಾರ್ಬೈಡ್. ಇಂಧನ ತೊಟ್ಟಿಗಳಲ್ಲಿ 367 ಟನ್ ಫರ್ನೇಸ್ ಎಣ್ಣೆ, 84 ಟನ್ ಡೀಸೆಲ್ ಇತ್ತು. ಕೆಲವೇ ದಿನಗಳಲ್ಲಿ ತಿರುವನಂತಪುರದ ಮರಳಿನ ಮೇಲೆ ಬಿಳಿಯ ಪ್ಲಾಸ್ಟಿಕ್ ಗುಳಿಗೆಗಳು ಹರಡಿಕೊಂಡವು.

ಮೂರು ವಾರ ತುಂಬುವ ಮೊದಲೇ ಕೇರಳ ಹೈಕೋರ್ಟ್ ಅದೇ ಎಂಎಸ್‌ಸಿ ಹಡಗು ಸಮೂಹದ ಎಂಎಸ್‌ಸಿ ಮಾನಸಾ ಎಫ್ ಎಂಬ ಇನ್ನೊಂದು ಹಡಗನ್ನು ವಿಳಿಂಜಂನಲ್ಲಿ ತಡೆಹಿಡಿಯಲು ಆದೇಶಿಸಿತು. ಆ ಆದೇಶ ಪಡೆದವರು ಮೀನುಗಾರರಲ್ಲ, ಮುಳುಗಿದ ಹಡಗಿನಲ್ಲಿ ಸುಮಾರು 6 ಕೋಟಿ ರೂಪಾಯಿಯ ಗೋಡಂಬಿ ಕಳೆದುಕೊಂಡ ವ್ಯಾಪಾರಿಗಳು. ಅದೇ ಹೊತ್ತಿನಲ್ಲಿ ನಾಲ್ಕು ಜಿಲ್ಲೆಗಳ ಮೀನುಗಾರ ಕುಟುಂಬಗಳಿಗೆ ಸಿಕ್ಕಿದ್ದು ರಾಜ್ಯ ಸರ್ಕಾರ ಘೋಷಿಸಿದ ತಲಾ 1,000 ರೂಪಾಯಿ ಮತ್ತು 6 ಕೆ.ಜಿ. ಅಕ್ಕಿ. ಪರಿಸರ ಮತ್ತು ಮೀನುಗಾರಿಕೆಯ ನಷ್ಟಕ್ಕಾಗಿ ರಾಜ್ಯ ಸರ್ಕಾರವೇ ನ್ಯಾಯಾಲಯಕ್ಕೆ ಹೋಗಿ, ಎಂಎಸ್‌ಸಿ ಅಕಿಟೆಟಾ 2 ಹಡಗನ್ನು ತಡೆಹಿಡಿಸಿದ್ದು ಜುಲೈನಲ್ಲಿ.

ಗೋಡಂಬಿ ವ್ಯಾಪಾರಿಗಳು ಮಾಡಿದ್ದರಲ್ಲಿ ತಪ್ಪೇನೂ ಇಲ್ಲ. ಅವರ ಕೈಯಲ್ಲಿ ಸರಕಿನ ರಸೀದಿ ಇತ್ತು, ಬೆಲೆಪಟ್ಟಿ ಇತ್ತು, ಯಾವ ವಕೀಲರ ಬಳಿಗೆ ಹೋಗಬೇಕೆಂಬ ತಿಳಿವಳಿಕೆಯೂ ಇತ್ತು. ಬಲೆ ಎತ್ತಿಟ್ಟು ಮನೆಯಲ್ಲಿ ಕುಳಿತ ಮೀನುಗಾರನ ಬಳಿ ಈ ಮೂರರಲ್ಲಿ ಒಂದೂ ಇರಲಿಲ್ಲ. ಕಡಲತೀರದ ವಕೀಲಿಕೆಯ ಇಂದಿನ ದೊಡ್ಡ ಕೊರತೆ ಇದು ಎಂದು ನಾನು ನಂಬಿದ್ದೇನೆ. ಹಡಗಿನ ಕಾನೂನು ಬಲ್ಲ ವಕೀಲರು ಒಂದು ಕಡೆ, ಸಾರ್ವಜನಿಕ ಹಿತಾಸಕ್ತಿಗಾಗಿ ಹೋರಾಡುವ ವಕೀಲರು ಇನ್ನೊಂದು ಕಡೆ ಇದ್ದಾರೆ. ಎರಡೂ ಬಲ್ಲವರು ಕೈಬೆರಳೆಣಿಕೆಯಷ್ಟು. ನಷ್ಟದ ಹೊರೆ ದಡದವರ ಮೇಲೆ ಬಿದ್ದಾಗ ಒಂದೇ ವಿದ್ಯೆಯಿಂದ ಕೆಲಸ ಆಗುವುದಿಲ್ಲ.

ಹಡಗೇ ಪ್ರತಿವಾದಿ

ಅಡ್ಮಿರಾಲ್ಟಿ ಎಂದು ಕರೆಯುವ ನೌಕಾ ನ್ಯಾಯವ್ಯವಸ್ಥೆಯ ವಿಶೇಷ ಇರುವುದು ಇಲ್ಲಿ: ಅಲ್ಲಿ ಮನುಷ್ಯನ ಮೇಲೆ ಮಾತ್ರವಲ್ಲ, ಹಡಗಿನ ಮೇಲೂ ದಾವೆ ಹೂಡಬಹುದು. ಮಾಲೀಕ ಯಾವ ದೇಶದಲ್ಲಿದ್ದಾನೆ, ಹಡಗು ಯಾವ ಧ್ವಜ ಹಾರಿಸುತ್ತಿದೆ, ಕಂಪನಿಯ ಹಿಂದೆ ಇನ್ನೆಷ್ಟು ಕಂಪನಿಗಳು ಅಡಗಿವೆ ಎಂಬುದನ್ನು ಪತ್ತೆ ಹಚ್ಚುವ ಹೊತ್ತಿಗೆ ಹಡಗು ಸಾಗರ ದಾಟಿರುತ್ತದೆ. ಆದ್ದರಿಂದಲೇ ನ್ಯಾಯಾಲಯವು ಬಂದರಿನಲ್ಲಿರುವ ಹಡಗನ್ನೇ ತಡೆಹಿಡಿಯುತ್ತದೆ. ಸರಪಳಿ ಬಿಡಿಸಿಕೊಳ್ಳಬೇಕಾದರೆ ಮಾಲೀಕನೋ ವಿಮೆದಾರನೋ ಮುಂದೆ ಬಂದು ಠೇವಣಿ ಇಡಲೇಬೇಕು. ಹಾಗಾಗಿ ತೀರ್ಪು ಬರುವ ಮೊದಲೇ ಹಣ ನ್ಯಾಯಾಲಯದ ಕೈಗೆ ಬಂದಿರುತ್ತದೆ.

ಭಾರತದಲ್ಲಿ ಈ ಅಧಿಕಾರ ಬಹುಕಾಲ ಕಲ್ಕತ್ತ, ಬಾಂಬೆ, ಮದ್ರಾಸ್ ಹೈಕೋರ್ಟ್‌ಗಳಿಗೆ ಮಾತ್ರ ಸೇರಿದ್ದು ಎಂಬ ತಿಳಿವಳಿಕೆ ಇತ್ತು. ಅದಕ್ಕೆ ಆಧಾರ 1861ರ ಬ್ರಿಟಿಷ್ ಕಾಯ್ದೆ ಮತ್ತು 1891ರ ವಸಾಹತು ಕಾಯ್ದೆ. ಗೋವಾದ ಮರ್ಮಗೋವಾದಿಂದ ಹೊರಟು, ಮುಂದೆ ವಿಶಾಖಪಟ್ಟಣಕ್ಕೆ ಬಂದಾಗ ತಡೆಹಿಡಿಯಲ್ಪಟ್ಟ ಎಂ.ವಿ. ಎಲಿಜಬೆತ್ ಎಂಬ ವಿದೇಶಿ ಹಡಗಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1992ರಲ್ಲಿ ಆ ತಿಳಿವಳಿಕೆಯನ್ನು ಬದಿಗೆ ಸರಿಸಿತು. ಸ್ವತಂತ್ರ ದೇಶದ ಹೈಕೋರ್ಟ್‌ಗಳು ವಸಾಹತು ಕಾಲದ ಪಟ್ಟಿಗೆ ಕಟ್ಟುಬೀಳಬೇಕಿಲ್ಲ ಎಂಬುದು ಅದರ ಸಾರ. ಕೊನೆಗೆ 2017ರ ಅಡ್ಮಿರಾಲ್ಟಿ ಕಾಯ್ದೆ 2018ರ ಏಪ್ರಿಲ್ 1ರಂದು ಜಾರಿಗೆ ಬಂದು, ಕರ್ನಾಟಕ ಮತ್ತು ಕೇರಳವೂ ಸೇರಿದಂತೆ ಎಂಟು ಹೈಕೋರ್ಟ್‌ಗಳಿಗೆ ಈ ಅಧಿಕಾರವನ್ನು ಬರಹದಲ್ಲಿ ಕೊಟ್ಟಿತು. ಕಡಲತೀರಕ್ಕೂ ಪರಿಸರಕ್ಕೂ ಹಡಗಿನಿಂದ ಆಗುವ ಹಾನಿ ದಾವೆಗೆ ಕಾರಣವಾಗಬಲ್ಲದು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಹಾನಿ ಮಾಡಿದ ಹಡಗು ಮುಳುಗಿಹೋಗಿದ್ದರೆ ಅದೇ ಮಾಲೀಕನ ಇನ್ನೊಂದು ಹಡಗನ್ನು ತಡೆಹಿಡಿಯಲೂ ಅವಕಾಶವಿದೆ. ಕೇರಳದಲ್ಲಿ ಬಳಕೆಯಾದದ್ದು ಇದೇ ದಾರಿ.

ಇಷ್ಟು ಹರಿತವಾದ ಅಸ್ತ್ರ ಮೀನುಗಾರರ ಕೈಗೆ ಯಾಕೆ ಸಿಗುವುದಿಲ್ಲ? ಕಾನೂನಿನ ಅಕ್ಷರದಲ್ಲಿ ಅಡ್ಡಿಯಿಲ್ಲ. ಅಡ್ಡಿ ಇರುವುದು ವೆಚ್ಚದಲ್ಲಿ, ವೇಗದಲ್ಲಿ ಮತ್ತು ಅಪಾಯದಲ್ಲಿ. ಹಡಗು ಬಂದರಿನಲ್ಲಿ ಇರುವುದೇ ಒಂದೆರಡು ದಿನ, ಕೆಲವೊಮ್ಮೆ ಕೆಲವೇ ಗಂಟೆ. ಅಷ್ಟರೊಳಗೆ ದಾವೆಪತ್ರ, ಪ್ರಮಾಣಪತ್ರ, ಮಾಲೀಕತ್ವದ ದಾಖಲೆ ಎಲ್ಲವೂ ಸಿದ್ಧವಾಗಬೇಕು. ತಡೆಹಿಡಿದದ್ದು ತಪ್ಪೆಂದು ಆಮೇಲೆ ತೀರ್ಮಾನವಾದರೆ ಮಾಲೀಕನ ನಷ್ಟ ತುಂಬಿಕೊಡುವೆನೆಂದು ಮುಚ್ಚಳಿಕೆ ಬರೆದುಕೊಡುವಂತೆ ನ್ಯಾಯಾಲಯ ಕೇಳಬಹುದು. ದೊಡ್ಡ ಕಂಟೇನರ್ ಹಡಗೊಂದು ಒಂದು ದಿನ ನಿಂತರೆ ಆಗುವ ನಷ್ಟವನ್ನು ನೆನೆದರೆ, ನಾಡದೋಣಿಯ ಒಡೆಯನೊಬ್ಬ ಆ ಕಾಗದಕ್ಕೆ ಹೇಗೆ ಸಹಿ ಹಾಕಿಯಾನು?

ರಿಟ್ ಅರ್ಜಿಯ ಬಲ ಮತ್ತು ಅದರ ಗಡಿ

ಇನ್ನೊಂದು ದಾರಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ, ಅಂದರೆ ಜನರ ಹಿತಕ್ಕಾಗಿ ಸರ್ಕಾರಕ್ಕೆ ಆದೇಶ ಕೊಡಿ ಎಂದು ನ್ಯಾಯಾಲಯವನ್ನು ಕೋರುವ ರಿಟ್ ಅರ್ಜಿ. ಭಾರತದ ಕರಾವಳಿ ಈ ದಾರಿಯಲ್ಲಿ ಬಹುದೂರ ನಡೆದಿದೆ. ತಮಿಳುನಾಡಿನ ಗಾಂಧಿವಾದಿ ಎಸ್. ಜಗನ್ನಾಥನ್ ಅವರು ಸಿಗಡಿ ಕೃಷಿ ಕೊಳಗಳಿಂದ ಕರಾವಳಿಯ ಹೊಲಗಳಿಗೆ, ಕುಡಿಯುವ ನೀರಿಗೆ ಆಗುತ್ತಿದ್ದ ಹಾನಿಯನ್ನು ಸುಪ್ರೀಂ ಕೋರ್ಟ್ ಮುಂದೆ ಇಟ್ಟರು. 1996ರ ಡಿಸೆಂಬರ್ 11ರಂದು ಬಂದ ತೀರ್ಪು ಕರಾವಳಿ ನಿಯಂತ್ರಣ ವಲಯದೊಳಗಿನ ಕೈಗಾರಿಕಾ ಮಾದರಿಯ ಸಿಗಡಿ ಕೊಳಗಳನ್ನು ಕೆಡವಲು ಹೇಳಿತು, ಹಾನಿಗೆ ಪರಿಹಾರವನ್ನೂ ವಿಧಿಸಿತು. ಮಾಲಿನ್ಯ ಮಾಡಿದವನೇ ತೆರಬೇಕು ಎಂಬ ತತ್ವ ಗಟ್ಟಿಯಾಗಿ ನೆಲೆಯೂರಿದ ವರ್ಷ ಅದು. ಆದರೆ 2005ರಲ್ಲಿ ಸಂಸತ್ತು ಕರಾವಳಿ ಜಲಕೃಷಿ ಪ್ರಾಧಿಕಾರ ಕಾಯ್ದೆಯನ್ನು ತಂದು, ಆ ತೀರ್ಪಿನ ತಿರುಳನ್ನೇ ಹಿಂದಿನಿಂದ ಅನ್ವಯವಾಗುವಂತೆ ಸಡಿಲಿಸಿತು. ಹೋರಾಡಿ ಪಡೆದ ಆದೇಶವೊಂದು ಒಂದೇ ಕಾಯ್ದೆಯಿಂದ ಕರಗಿಹೋಗುವುದನ್ನು ಕಂಡ ವಕೀಲರಿಗೆ ಗೆದ್ದ ದಿನದ ಸಂಭ್ರಮ ಬಹಳ ದಿನ ಉಳಿಯುವುದಿಲ್ಲ.

ಹಡಗಿನ ವಿಷಯದಲ್ಲೂ ಈ ದಾರಿ ತೆರೆದಿದೆ. 2011ರ ಆಗಸ್ಟ್ 4ರಂದು 60,000 ಟನ್‌ಗೂ ಹೆಚ್ಚು ಕಲ್ಲಿದ್ದಲು ಹೊತ್ತ ಎಂ.ವಿ. ರಾಕ್ ಕ್ಯಾರಿಯರ್ ಮುಂಬೈ ಬಳಿ ಮುಳುಗಿತು. ಮುಂಬೈಯ ಪರಿಸರ ಕಾರ್ಯಕರ್ತರೊಬ್ಬರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೊರೆ ಹೋದರು. 2016ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿಯು ಹಡಗಿಗೆ ಸಂಬಂಧಿಸಿದ ಕಂಪನಿಗಳಿಗೆ 100 ಕೋಟಿ ರೂಪಾಯಿ, ಕಲ್ಲಿದ್ದಲು ತರಿಸುತ್ತಿದ್ದ ಅದಾನಿ ಎಂಟರ್‌ಪ್ರೈಸಸ್‌ಗೆ 5 ಕೋಟಿ ರೂಪಾಯಿ ಪರಿಸರ ಪರಿಹಾರ ವಿಧಿಸಿತು. ಗಮನಿಸಬೇಕಾದ ಅಂಶವೆಂದರೆ ಅರ್ಜಿದಾರರಿಗೆ ಸ್ವಂತ ನಷ್ಟವೇನೂ ಇರಲಿಲ್ಲ. ಕಡಲಿನ ಪರವಾಗಿ ಯಾರು ಬೇಕಾದರೂ ಮಾತನಾಡಬಹುದು ಎಂಬುದನ್ನು ಆ ಆದೇಶ ಒಪ್ಪಿಕೊಂಡಿತು.

ಎಲ್ಸಾ 3 ಪ್ರಕರಣದಲ್ಲೂ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಒಂದು ದೊಡ್ಡ ಕೆಲಸ ಮಾಡಿತು. ಹಡಗಿನಲ್ಲಿ ಏನಿತ್ತು, ಎಷ್ಟು ಎಣ್ಣೆ ಸೋರಿದೆ ಎಂಬ ವಿವರಗಳನ್ನು ಜನರ ಮುಂದೆ ಇಡುವಂತೆ ಹೈಕೋರ್ಟ್ ಸೂಚಿಸಿದ್ದು ಅಂಥ ಅರ್ಜಿಯ ವಿಚಾರಣೆಯಲ್ಲೇ. ಮುಚ್ಚಿದ ಕಡತಗಳನ್ನು ತೆರೆಸುವುದರಲ್ಲಿ ರಿಟ್ ಅರ್ಜಿಗೆ ಸಮನಾದದ್ದಿಲ್ಲ. ಹಣ ಹೊರಡಿಸುವುದರಲ್ಲಿ ಹಡಗನ್ನು ತಡೆಹಿಡಿಯುವುದಕ್ಕೆ ಸಮನಾದದ್ದಿಲ್ಲ. ಈ ಎರಡು ಕೆಲಸಗಳನ್ನು ಎರಡು ಬೇರೆ ಬೇರೆ ಕಚೇರಿಗಳು, ಪರಸ್ಪರ ಪರಿಚಯವೇ ಇಲ್ಲದೆ ಮಾಡಿಕೊಂಡು ಹೋಗುತ್ತಿರುವುದು ನಮ್ಮ ವ್ಯವಸ್ಥೆಯ ದೌರ್ಬಲ್ಯ.

ಐವತ್ತು ಡಾಲರಿನ ಜೀವರಕ್ಷಕ ದೋಣಿ

1967ರ ಮಾರ್ಚ್ 18ರಂದು ಟೊರಿ ಕ್ಯಾನ್ಯನ್ ಎಂಬ ತೈಲವಾಹಕ ಇಂಗ್ಲೆಂಡಿನ ಕಾರ್ನ್‌ವಾಲ್ ಮತ್ತು ಸಿಲ್ಲಿ ದ್ವೀಪಗಳ ನಡುವಿನ ಬಂಡೆಗಳಿಗೆ ಅಪ್ಪಳಿಸಿತು. ಅದರಲ್ಲಿದ್ದದ್ದು ಸುಮಾರು 1,19,000 ಟನ್ ಕಚ್ಚಾ ತೈಲ. ತೈಲ ಬ್ರಿಟನ್ ಮತ್ತು ಫ್ರಾನ್ಸ್ ಎರಡರ ತೀರಗಳನ್ನೂ ಮುತ್ತಿತು. ಅಮೆರಿಕದ ಕಾನೂನಿನ ಪ್ರಕಾರ ಮಾಲೀಕನ ಹೊಣೆ ಅಪಘಾತದ ನಂತರ ಉಳಿದ ಹಡಗಿನ ಬೆಲೆಗೆ ಸೀಮಿತ. ಉಳಿದದ್ದು ಒಂದು ಜೀವರಕ್ಷಕ ದೋಣಿ, ಅದರ ಬೆಲೆ 50 ಡಾಲರ್.

ಬ್ರಿಟನ್ ಕಾದು ಕುಳಿತಿತು. ಅದೇ ಮಾಲೀಕರ ಲೇಕ್ ಪಲೂರ್ಡ್ ಎಂಬ ಹಡಗು ಕೆಲ ತಿಂಗಳ ನಂತರ ಸಿಂಗಪುರಕ್ಕೆ ಬಂದಾಗ ಯುವ ವಕೀಲನೊಬ್ಬ ಹಡಗು ಹತ್ತಿ, ನ್ಯಾಯಾಲಯದ ಆಜ್ಞೆಯನ್ನು ಪಟಸ್ತಂಭಕ್ಕೆ ಅಂಟಿಸಿ ಬಂದ. ವಿಸ್ಕಿ ಮಾರಲು ಬಂದವನೆಂದು ತಿಳಿದು ಹಡಗಿನವರು ಅವನನ್ನು ಮೇಲಕ್ಕೆ ಬಿಟ್ಟರಂತೆ. ಫ್ರಾನ್ಸ್ ಸಿಂಗಪುರದಲ್ಲಿ ತಡವಾಗಿ ತಲುಪಿ, ಮುಂದಿನ ವರ್ಷ ಅದೇ ಹಡಗನ್ನು ರಾಟರ್‌ಡ್ಯಾಮ್‌ನಲ್ಲಿ ಹಿಡಿಯಿತು. ಕೊನೆಗೆ ಮಾಲೀಕರು 30 ಲಕ್ಷ ಪೌಂಡ್ ಕೊಟ್ಟು ರಾಜಿ ಮಾಡಿಕೊಂಡರು. ತೈಲ ಮಾಲಿನ್ಯಕ್ಕೆ ಮಾಲೀಕನ ತಪ್ಪು ಸಾಬೀತುಪಡಿಸದೆಯೇ ಪರಿಹಾರ ಕೊಡಿಸುವ 1969ರ ಅಂತರರಾಷ್ಟ್ರೀಯ ಒಪ್ಪಂದ, ಅದಕ್ಕೆ ಬೆಂಬಲವಾಗಿ 1971ರ ಪರಿಹಾರ ನಿಧಿ, ಎರಡೂ ಹುಟ್ಟಿದ್ದು ಈ ದುರಂತದ ಬೆನ್ನಿಗೆ.

ಆದರೆ ಆ ಒಪ್ಪಂದಗಳು ತೈಲವಾಹಕಗಳ ಸರಕಿಗೆ ಮಾತ್ರ ಅನ್ವಯ. ಕಂಟೇನರಿನ ರಾಸಾಯನಿಕಕ್ಕೂ ಪ್ಲಾಸ್ಟಿಕ್ ಗುಳಿಗೆಗೂ ಅವು ಮುಟ್ಟುವುದಿಲ್ಲ. ಅಪಾಯಕಾರಿ ಸರಕಿಗಾಗಿ 1996ರಲ್ಲೇ ಪ್ರತ್ಯೇಕ ಒಪ್ಪಂದ ರೂಪುಗೊಂಡು 2010ರಲ್ಲಿ ತಿದ್ದುಪಡಿಯಾಗಿದ್ದರೂ, ಎಲ್ಸಾ 3 ಮುಳುಗಿದ ದಿನ ಅದು ಜಾರಿಯಲ್ಲಿರಲಿಲ್ಲ. ತೈಲದ ಪಾಠ ಕಲಿಯಲು ಜಗತ್ತಿಗೆ ಎರಡು ವರ್ಷ ಸಾಕಾಯಿತು. ರಾಸಾಯನಿಕದ ಪಾಠಕ್ಕೆ ಕಾಲು ಶತಮಾನಕ್ಕಿಂತ ಹೆಚ್ಚು ಕಾಲ ಸಾಲದೆ ಹೋದದ್ದನ್ನು ಒಪ್ಪಿಕೊಳ್ಳಲು ನನಗೆ ಸಾಧ್ಯವಿಲ್ಲ.

ಹೊಣೆಗೆ ಮಿತಿ ಹಾಕಿದವರು

ಹಾನಿ ಎಷ್ಟೇ ಆದರೂ ಮಾಲೀಕ ಒಂದು ಮೊತ್ತಕ್ಕಿಂತ ಹೆಚ್ಚು ತೆರಬೇಕಿಲ್ಲ ಎಂಬ ಹೊಣೆಗಾರಿಕೆಯ ಮಿತಿ ನೌಕಾ ಕಾನೂನಿನ ಬೆನ್ನೆಲುಬು. ಇಂಗ್ಲೆಂಡಿನ ಸಂಸತ್ತು 18ನೇ ಶತಮಾನದ ಮೊದಲ ಭಾಗದಲ್ಲೇ ಇದನ್ನು ಕಾಯ್ದೆ ಮಾಡಿತು. ಕಪ್ತಾನನೊಬ್ಬ ಸರಕಿನ ಚಿನ್ನ ಕದ್ದದ್ದಕ್ಕೆ ಮಾಲೀಕರನ್ನು ಹೊಣೆ ಮಾಡಿದಾಗ, ಹೀಗಾದರೆ ಹಡಗಿನಲ್ಲಿ ಹಣ ಹೂಡುವವರು ಯಾರು ಎಂದು ಮಾಲೀಕರು ಸಂಸತ್ತಿಗೆ ಅಹವಾಲು ಕೊಟ್ಟಿದ್ದರು. ಅಮೆರಿಕದಲ್ಲಿ 1840ರ ಲೆಕ್ಸಿಂಗ್ಟನ್ ಉಗಿಹಡಗಿನ ಬೆಂಕಿ ದುರಂತ ಮತ್ತು ಅದರಿಂದ ಹುಟ್ಟಿದ ವ್ಯಾಜ್ಯದ ನಂತರ 1851ರಲ್ಲಿ ಇಂಥದ್ದೇ ಕಾಯ್ದೆ ಬಂತು.

ಆ ಕಾಲದಲ್ಲಿ ಇದಕ್ಕೆ ಅರ್ಥವಿತ್ತು ಎಂದು ಒಪ್ಪಬಹುದು. ಹಾಯಿಹಡಗು ಬಂದರು ಬಿಟ್ಟರೆ ಮಾಲೀಕನಿಗೆ ತಿಂಗಳುಗಟ್ಟಲೆ ಸುದ್ದಿಯೇ ಇರುತ್ತಿರಲಿಲ್ಲ, ವಿಮೆ ದುರ್ಬಲವಾಗಿತ್ತು. ಇಂದು ಹಡಗು ಯಾವ ಕ್ಷಣದಲ್ಲಿ ಎಲ್ಲಿದೆ ಎಂಬುದು ಮಾಲೀಕನ ಕಚೇರಿಯ ಪರದೆಯ ಮೇಲೆ ಕಾಣುತ್ತದೆ. ಜಗತ್ತಿನ ಹಡಗುಗಳ ಒಟ್ಟು ಗಾತ್ರದ ಸುಮಾರು ಶೇ 90ರಷ್ಟಕ್ಕೆ, ಹಡಗಿನಿಂದ ಇತರರಿಗೆ ಆಗುವ ಹಾನಿಯ ಹೊಣೆ ಹೊರಲು ಮಾಲೀಕರೇ ಸೇರಿ ಕಟ್ಟಿಕೊಂಡ 12 ಪಿ ಆಂಡ್ ಐ ಕ್ಲಬ್ಬುಗಳ ವಿಮೆ ಇದೆ. ಕಾರಣ ಕರಗಿಹೋಗಿದೆ, ರಿಯಾಯಿತಿ ಹಾಗೇ ಉಳಿದಿದೆ.

ಟೈಟಾನಿಕ್ ಮುಳುಗಿ ಸುಮಾರು 1,500 ಮಂದಿ ಸತ್ತಾಗ ಅದರ ಮಾಲೀಕರು ಅಮೆರಿಕದ ನ್ಯಾಯಾಲಯದಲ್ಲಿ ಇದೇ ಕಾಯ್ದೆಯ ಆಶ್ರಯ ಪಡೆದರು. ಪಾರಾದ ಜೀವರಕ್ಷಕ ದೋಣಿಗಳ ಬೆಲೆ ಮತ್ತು ಪ್ರಯಾಣ ಶುಲ್ಕ ಸೇರಿ ತಮ್ಮ ಹೊಣೆ ಸುಮಾರು 92,000 ಡಾಲರ್ ಎಂದು ವಾದಿಸಿದರು. ಈ ಕಾಯ್ದೆ ಅವರಿಗೂ ಅನ್ವಯಿಸುತ್ತದೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1914ರಲ್ಲಿ ಹೇಳಿತು, ಕೊನೆಗೆ 6,64,000 ಡಾಲರಿಗೆ ರಾಜಿಯಾಯಿತು. ಇದು ಹಳೆಯ ಕತೆ ಎಂದುಕೊಳ್ಳುವಂತಿಲ್ಲ. 2024ರ ಮಾರ್ಚ್ 26ರಂದು ಡಾಲಿ ಎಂಬ ಕಂಟೇನರ್ ಹಡಗು ಬಾಲ್ಟಿಮೋರ್‌ನ ಸೇತುವೆಗೆ ಡಿಕ್ಕಿ ಹೊಡೆದು, ಸೇತುವೆಯ ಮೇಲೆ ಕೆಲಸ ಮಾಡುತ್ತಿದ್ದ ಆರು ಕಾರ್ಮಿಕರು ಸತ್ತರು. ಒಂದು ವಾರದೊಳಗೆ ಹಡಗಿನ ಮಾಲೀಕರು ಮತ್ತು ನಿರ್ವಾಹಕರು ಅದೇ 1851ರ ಕಾಯ್ದೆಯಡಿ ತಮ್ಮ ಹೊಣೆಯನ್ನು ಸುಮಾರು 4.37 ಕೋಟಿ ಡಾಲರಿಗೆ ಸೀಮಿತಗೊಳಿಸಲು ಅರ್ಜಿ ಹಾಕಿದರು.

ಬಹುತೇಕ ದೇಶಗಳು ಇಂದು ಅನುಸರಿಸುವುದು ಹೊಣೆ ಮಿತಿ ಕುರಿತ 1976ರ ಅಂತರರಾಷ್ಟ್ರೀಯ ಒಪ್ಪಂದ ಮತ್ತು ಅದಕ್ಕೆ ಸೇರಿದ 1996ರ ಪೂರಕ ಒಪ್ಪಂದವನ್ನು. ಅವುಗಳಲ್ಲಿ ಮಿತಿ ನಿರ್ಧಾರವಾಗುವುದು ಹಡಗಿನ ಟನ್ ಗಾತ್ರದಿಂದ. ಹಾನಿ ಎಷ್ಟು ದೊಡ್ಡದು ಎಂಬ ಪ್ರಶ್ನೆಗೆ ಆ ಲೆಕ್ಕದಲ್ಲಿ ಜಾಗವೇ ಇಲ್ಲ. ಚಿಕ್ಕ ಹಡಗು ವಿಷ ತುಂಬಿಕೊಂಡು ಇಡೀ ಜಿಲ್ಲೆಯ ಮೀನುಗಾರಿಕೆಯನ್ನು ನಿಲ್ಲಿಸಿದರೂ, ಅದೇ ಗಾತ್ರದ ಹಡಗು ಅಕ್ಕಿ ಮೂಟೆ ತುಂಬಿಕೊಂಡು ಮುಳುಗಿದರೂ ಮಿತಿ ಒಂದೇ. ಈ ಗೋಡೆಯನ್ನು ಒಡೆಯಬೇಕಾದರೆ ಮಾಲೀಕನೇ ಉದ್ದೇಶಪೂರ್ವಕವಾಗಿ, ಅಥವಾ ಇಂಥ ಹಾನಿ ಬಹುಶಃ ಆಗುತ್ತದೆ ಎಂದು ತಿಳಿದೂ ತಿಳಿದೂ ಅಜಾಗರೂಕತೆಯಿಂದ ನಡೆದುಕೊಂಡನೆಂದು ಸಾಬೀತುಪಡಿಸಬೇಕು. ಕಪ್ತಾನನ ತಪ್ಪು ಸಾಲದು, ಎಂಜಿನಿಯರನ ಬೇಜವಾಬ್ದಾರಿ ಸಾಲದು. ಆ ಸಾಕ್ಷ್ಯವೆಲ್ಲ ಇರುವುದು ಕಂಪನಿಯ ಕಪಾಟಿನಲ್ಲಿ.

ಒಂದು ದುರಂತ, ಎರಡು ಲೆಕ್ಕ

ಹಾನಿಗೂ ಹೊಣೆಯ ಮಿತಿಗೂ ನಡುವಿನ ಈ ಬಿರುಕು ಅತ್ಯಂತ ಸ್ಪಷ್ಟವಾಗಿ ಕಂಡದ್ದು ಶ್ರೀಲಂಕಾದಲ್ಲಿ. 2021ರ ಮೇ 20ರಂದು ಕೊಲಂಬೊ ಬಳಿ ಎಕ್ಸ್-ಪ್ರೆಸ್ ಪರ್ಲ್ ಹಡಗಿಗೆ ಬೆಂಕಿ ಬಿತ್ತು. 1,486 ಕಂಟೇನರ್‌ಗಳು, ಅವುಗಳಲ್ಲಿ ಒಂದರಿಂದ ಸೋರುತ್ತಿದ್ದ ನೈಟ್ರಿಕ್ ಆಮ್ಲ, ಸುಮಾರು 1,680 ಟನ್ ಪ್ಲಾಸ್ಟಿಕ್ ಗುಳಿಗೆ. ಆ ಗುಳಿಗೆಗಳು ಅಂತರರಾಷ್ಟ್ರೀಯ ನಿಯಮಗಳಲ್ಲಿ ಅಪಾಯಕಾರಿ ಸರಕಿನ ಪಟ್ಟಿಯಲ್ಲೇ ಇರಲಿಲ್ಲ. ಪಶ್ಚಿಮ ತೀರದಲ್ಲಿ ಮೀನುಗಾರಿಕೆ ನಿಷೇಧವಾಯಿತು. ಸತ್ತ ಆಮೆಗಳು, ಡಾಲ್ಫಿನ್‌ಗಳು ದಡಕ್ಕೆ ಬಂದವು.

ಮಾಲೀಕರು ಲಂಡನ್ನಿನ ಅಡ್ಮಿರಾಲ್ಟಿ ನ್ಯಾಯಾಲಯಕ್ಕೆ ಹೋಗಿ ತಮ್ಮ ಹೊಣೆಯನ್ನು ಸುಮಾರು 1.9 ಕೋಟಿ ಪೌಂಡಿಗೆ ಸೀಮಿತಗೊಳಿಸಿಕೊಂಡರು. ಶ್ರೀಲಂಕಾ ಸರ್ಕಾರ 2023ರಲ್ಲಿ ಸಿಂಗಪುರದಲ್ಲಿ ದಾವೆ ಹೂಡಿತು. ಇತ್ತ ಪರಿಸರ ಸಂಘಟನೆಗಳು ಮತ್ತು ನಾಗರಿಕರು ತಮ್ಮದೇ ದೇಶದ ಸುಪ್ರೀಂ ಕೋರ್ಟಿನಲ್ಲಿ ಮೂಲಭೂತ ಹಕ್ಕುಗಳ ಅರ್ಜಿ ಹಾಕಿದ್ದರು. 2025ರ ಜುಲೈ 24ರಂದು ಆ ನ್ಯಾಯಾಲಯ ನೂರು ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. ಅದರಲ್ಲಿ 25 ಕೋಟಿ ಡಾಲರಿನ ಮೊದಲ ಕಂತನ್ನು ಎರಡು ತಿಂಗಳೊಳಗೆ ತೆರಬೇಕಿತ್ತು. ಕಂಪನಿಯ ಮುಖ್ಯಸ್ಥರು ಕೊಡುವುದಿಲ್ಲ ಎಂದು ಬಹಿರಂಗವಾಗಿ ಹೇಳಿದರು. ಕೊಟ್ಟರೆ ಜಾಗತಿಕ ಹಡಗು ಸಾಗಣೆಗೆ ಅಪಾಯಕಾರಿ ಮೇಲ್ಪಂಕ್ತಿಯಾಗುತ್ತದೆ ಎಂಬುದು ಅವರ ವಾದ.

ಎರಡು ನ್ಯಾಯಾಲಯಗಳೂ ತಮ್ಮ ತಮ್ಮ ಕಾನೂನಿನಂತೆ ನಡೆದುಕೊಂಡವು. ಲಂಡನ್ ಹಡಗಿನ ಗಾತ್ರವನ್ನು ಅಳೆಯಿತು, ಕೊಲಂಬೊ ಹಾನಿಯ ಗಾತ್ರವನ್ನು. ಕೊಲಂಬೊದ ಲೆಕ್ಕವೇ ನ್ಯಾಯಕ್ಕೆ ಹತ್ತಿರ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಆ ತೀರ್ಪಿನ ಹಿಂದೆ ತಡೆಹಿಡಿದ ಹಡಗು ಇರಲಿಲ್ಲ, ಠೇವಣಿಯಾದ ಹಣ ಇರಲಿಲ್ಲ. ತೀರ್ಪಿನ ಪ್ರತಿ ಹಿಡಿದು ವಿದೇಶಿ ನ್ಯಾಯಾಲಯಗಳ ಬಾಗಿಲು ತಟ್ಟುವ ಕೆಲಸ ಉಳಿಯಿತು. ಕೇರಳ ಇದಕ್ಕಿಂತ ಗಟ್ಟಿಯಾದ ನೆಲದಲ್ಲಿ ನಿಂತಿದೆ. ಅದು ಕೇಳಿದ್ದು 9,531 ಕೋಟಿ ರೂಪಾಯಿ. ಅದರಲ್ಲಿ 8,626 ಕೋಟಿ ಪರಿಸರ ಹಾನಿಗೆ, 378 ಕೋಟಿ ಪರಿಸರ ಪುನಶ್ಚೇತನಕ್ಕೆ, 526 ಕೋಟಿ ಮೀನುಗಾರರ ನಷ್ಟಕ್ಕೆ. 2025ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಭದ್ರತೆಯ ಮೊತ್ತವನ್ನು 1,227.62 ಕೋಟಿ ರೂಪಾಯಿಗೆ ನಿಗದಿ ಮಾಡಿತು. ಬೇಡಿಕೆಯ ಸುಮಾರು ಎಂಟನೇ ಒಂದು ಭಾಗ ಮಾತ್ರ. ಆದರೆ ಅದು ನ್ಯಾಯಾಲಯದ ಹಿಡಿತದಲ್ಲಿರುವ ಮೊತ್ತ. ಹೊಣೆ ಮಿತಿಯ ಪ್ರಶ್ನೆಯನ್ನು ಮಾಲೀಕರು ಅಲ್ಲೂ ಎತ್ತಿದ್ದಾರೆ. ಪ್ರಾದೇಶಿಕ ಜಲಗಡಿಯಾಚೆ ನಡೆದ ಅವಘಡಕ್ಕೆ ರಾಜ್ಯ ಸರ್ಕಾರ ದಾವೆ ಹೂಡಬಹುದೇ ಎಂಬ ವಾದವೂ ಬಂದಿದೆ.

ಹಿಡಿಯದ ಮೀನಿಗೆ ಲೆಕ್ಕ ಎಲ್ಲಿದೆ?

ದೋಣಿ ಒಡೆದರೆ, ಬಲೆ ಹರಿದರೆ ನಷ್ಟ ತೋರಿಸುವುದು ಸುಲಭ. ಕಡಲಿಗೇ ಇಳಿಯಲಾಗದೆ ಕಳೆದುಕೊಂಡ ದುಡಿಮೆಯನ್ನು ತೋರಿಸುವುದು ಕಷ್ಟ. ಅಮೆರಿಕದ ಸುಪ್ರೀಂ ಕೋರ್ಟ್ 1927ರ ರಾಬಿನ್ಸ್ ಡ್ರೈ ಡಾಕ್ ತೀರ್ಪಿನಲ್ಲಿ ಸ್ವಂತ ಆಸ್ತಿಗೆ ಹಾನಿಯಾಗದೆ ಬರೀ ಆದಾಯ ನಷ್ಟವಾದವರಿಗೆ ಪರಿಹಾರವಿಲ್ಲ ಎಂಬ ನಿಯಮಕ್ಕೆ ಬುನಾದಿ ಹಾಕಿತು. ಮೀನು ಯಾರ ಆಸ್ತಿಯೂ ಅಲ್ಲವಲ್ಲ! ಈ ನಿಯಮದಿಂದ ಮೀನುಗಾರರನ್ನು ಹೊರತಂದದ್ದು ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ತೈಲ ಸೋರಿಕೆಯ ಪ್ರಕರಣದಲ್ಲಿ 1974ರಲ್ಲಿ ಬಂದ ತೀರ್ಪು. ಕಡಲನ್ನು ಕೆಡಿಸುವವನಿಗೆ ಅದರಿಂದ ಮೀನುಗಾರ ಕೆಡುತ್ತಾನೆಂದು ಮೊದಲೇ ಗೊತ್ತಿರಬೇಕು ಎಂದು ಅದು ಒಪ್ಪಿತು. ಒಂದು ನಿಯಮಕ್ಕೆ ಒಂದು ಅಪವಾದ ಸಿಗಲು ನಲವತ್ತೇಳು ವರ್ಷ ಹಿಡಿಯಿತು. ಕಡಲ ವಕೀಲರ ವೃತ್ತಿಜೀವನವನ್ನು ಅಳೆಯಬೇಕಾದದ್ದು ಇಂಥ ಅವಧಿಗಳಿಂದಲೇ.

ಗೆದ್ದವರ ಕತೆಯೂ ಸುಲಭದ್ದಲ್ಲ. 1989ರ ಮಾರ್ಚ್ 24ರಂದು ಅಲಾಸ್ಕದಲ್ಲಿ ಎಕ್ಸಾನ್ ವಾಲ್ಡೀಜ್ ಬಂಡೆಗೆ ಸಿಕ್ಕಿ 1.1 ಕೋಟಿ ಗ್ಯಾಲನ್ ತೈಲ ಚೆಲ್ಲಿತು. 32,000ಕ್ಕೂ ಹೆಚ್ಚು ಮೀನುಗಾರರು, ಮೂಲನಿವಾಸಿಗಳು, ಭೂಮಾಲೀಕರು ದಾವೆಯಲ್ಲಿದ್ದರು. 1994ರಲ್ಲಿ ಜ್ಯೂರಿ 500 ಕೋಟಿ ಡಾಲರಿನ ದಂಡನಾತ್ಮಕ ಪರಿಹಾರ ಘೋಷಿಸಿತು. ಮೇಲ್ಮನವಿಗಳ ಮೇಲೆ ಮೇಲ್ಮನವಿ ನಡೆದು 2008ರಲ್ಲಿ ಸುಪ್ರೀಂ ಕೋರ್ಟ್ ಅದನ್ನು 50.75 ಕೋಟಿಗೆ ಇಳಿಸಿತು. ಅಷ್ಟರಲ್ಲಿ 19 ವರ್ಷ ಕಳೆದಿತ್ತು, ಸಾವಿರಾರು ದಾವೆದಾರರು ತೀರಿಹೋಗಿದ್ದರು. ಪ್ರಿನ್ಸ್ ವಿಲಿಯಂ ಸೌಂಡ್‌ನ ಹೆರಿಂಗ್ ಮೀನುಗಾರಿಕೆ ಸೋರಿಕೆಯಾದ ಕೆಲವೇ ವರ್ಷಗಳಲ್ಲಿ ಕುಸಿದುಬಿದ್ದಿತ್ತು.

ಹಡಗಿನೊಳಗಿನ ಬಡವರು

ಕಡಲ ವಕೀಲನಿಗೆ ಇನ್ನೊಬ್ಬ ಕಕ್ಷಿದಾರನಿದ್ದಾನೆ, ಅವನನ್ನು ಹೋರಾಟಗಾರರು ಮರೆಯುವುದುಂಟು. ಅವನು ನಾವಿಕ. ಸಾಲ ತೀರಿಸಲಾಗದ ಮಾಲೀಕ ಹಡಗನ್ನು ಲಂಗರಿನಲ್ಲೇ ಬಿಟ್ಟು ಮಾಯವಾದಾಗ ಸಂಬಳ, ಇಂಧನ, ಕುಡಿಯುವ ನೀರು ಯಾವುದೂ ಇಲ್ಲದೆ ಹಡಗಿನಲ್ಲೇ ಸಿಕ್ಕಿಬೀಳುವವರು ನಾವಿಕರು. ಅಂತರರಾಷ್ಟ್ರೀಯ ಸಾರಿಗೆ ಕಾರ್ಮಿಕರ ಒಕ್ಕೂಟದ ಲೆಕ್ಕದಂತೆ 2024ರಲ್ಲಿ ಹೀಗೆ ಕೈಬಿಟ್ಟ ಹಡಗುಗಳು 312, ಸಿಕ್ಕಿಬಿದ್ದವರು 3,133. ಅವರಲ್ಲಿ ಅತಿ ಹೆಚ್ಚಿನವರು ಭಾರತೀಯರು.

ಇಲ್ಲಿ ಹಳೆಯ ಅಡ್ಮಿರಾಲ್ಟಿ ಕಾನೂನು ಆಶ್ಚರ್ಯಪಡುವಷ್ಟು ಮಾನವೀಯವಾಗಿದೆ. ಹಡಗು ಹರಾಜಾದಾಗ ಹಣದ ಮೇಲೆ ನಾವಿಕರ ಸಂಬಳಕ್ಕೆ ಬ್ಯಾಂಕಿನ ಸಾಲಕ್ಕಿಂತ ಮೊದಲ ಹಕ್ಕು. ಭಾರತದ 2017ರ ಕಾಯ್ದೆ ಹಡಗಿನ ಮೇಲಿನ ವಿಶೇಷ ಹಕ್ಕುಗಳ ಸಾಲಿನಲ್ಲಿ ಸಂಬಳವನ್ನೇ ಮೊದಲು ನಿಲ್ಲಿಸಿದೆ. ಬಡವನ ಬೇಡಿಕೆಯನ್ನು ಧನಿಕನ ಸಾಲಕ್ಕಿಂತ ಮೇಲೆ ಇಡುವುದು ಕಾನೂನಿಗೆ ಅಸಾಧ್ಯವಲ್ಲ ಎಂಬುದಕ್ಕೆ ಇದೇ ಸಾಕ್ಷಿ. ನಾವಿಕನಿಗೆ ಸಿಕ್ಕ ಆದ್ಯತೆ ದಡದ ಮೀನುಗಾರನಿಗೂ ಸಿಗಬೇಕು ಎಂದು ಕೇಳುವುದರಲ್ಲಿ ವಿಚಿತ್ರವೇನಿದೆ?

ಇನ್ನೊಂದು ಎಚ್ಚರವೂ ಬೇಕು. ಜನರ ಸಿಟ್ಟು ಮೊದಲು ಬೀಳುವುದು ಕಪ್ತಾನನ ಮೇಲೆ. 2020ರಲ್ಲಿ ಮಾರಿಷಸ್‌ನ ಹವಳದ ದಿಬ್ಬಕ್ಕೆ ಸಿಕ್ಕಿ ಸುಮಾರು 1,000 ಟನ್ ತೈಲ ಚೆಲ್ಲಿದ ವಾಕಾಶಿಯೊ ಹಡಗಿನ ಕಪ್ತಾನ ಮತ್ತು ಮೊದಲ ಅಧಿಕಾರಿಗೆ 20 ತಿಂಗಳ ಶಿಕ್ಷೆಯಾಯಿತು. ತಪ್ಪಿದ್ದರೆ ಶಿಕ್ಷೆಯಾಗಲಿ. ಆದರೆ ಕಪ್ತಾನನನ್ನು ಜೈಲಿಗೆ ಕಳುಹಿಸಿದ್ದರಿಂದ ಮೀನುಗಾರನ ಮನೆಗೆ ಒಂದು ರೂಪಾಯಿಯೂ ಬರುವುದಿಲ್ಲ, ಹಳೆಯ ಹಡಗನ್ನು ಕಡಿಮೆ ಖರ್ಚಿನಲ್ಲಿ ಓಡಿಸಿದ ನಿರ್ಧಾರ ಕೈಗೊಂಡವರು ಎಲ್ಲಿಯೋ ನಿಶ್ಚಿಂತೆಯಿಂದ ಇರುತ್ತಾರೆ. ಸಾರ್ವಜನಿಕ ಹಿತದ ವಕೀಲರು ಕಪ್ತಾನನನ್ನು ಶತ್ರುವಾಗಿ ಕಾಣುವ ಬದಲು ಸಾಕ್ಷಿಯಾಗಿ ಕಂಡರೆ, ಮಿತಿಯ ಗೋಡೆ ಒಡೆಯಲು ಬೇಕಾದ ಮಾಹಿತಿ ಅವನಿಂದಲೇ ಸಿಗಬಹುದು.

ವಕೀಲರು ಎಲ್ಲಿಂದ ಬರಬೇಕು

ನೌಕಾ ಕಾನೂನು ಕಲಿಯಲು ದುಬಾರಿ, ಕಲಿತವರಿಗೆ ಕೆಲಸ ಕೊಡುವವರು ಮಾಲೀಕರು, ಬ್ಯಾಂಕುಗಳು, ವಿಮಾ ಕ್ಲಬ್ಬುಗಳು. ಪ್ರತಿ ಪ್ರಮುಖ ಬಂದರಿನಲ್ಲೂ ಕ್ಲಬ್ಬುಗಳಿಗೆ ಪ್ರತಿನಿಧಿಗಳಿರುತ್ತಾರೆ. ಅವಘಡವಾದ ರಾತ್ರಿಯೇ ಅವರು ಅನುಭವಿ ವಕೀಲರನ್ನು ಗೊತ್ತು ಮಾಡಿಕೊಳ್ಳುತ್ತಾರೆ. ಮೀನುಗಾರರ ಸಂಘದವರು ಮರುವಾರ ಹುಡುಕಿಕೊಂಡು ಹೋದಾಗ, ಆ ವಕೀಲರು ಎದುರು ಪಕ್ಷದ ವಕಾಲತ್ತು ಒಪ್ಪಿಯಾಗಿರುತ್ತದೆ. ಇದರಲ್ಲಿ ವಕೀಲರ ದುರಾಸೆ ಹುಡುಕಬೇಕಾಗಿಲ್ಲ. ವೃತ್ತಿಧರ್ಮದಂತೆ ಒಬ್ಬರ ವಕಾಲತ್ತು ಹಿಡಿದ ಮೇಲೆ ಇನ್ನೊಬ್ಬರ ಪರ ನಿಲ್ಲುವಂತಿಲ್ಲ. ಮೊದಲು ಕರೆದವನಿಗೆ ವಿದ್ಯೆ ದಕ್ಕುತ್ತದೆ.

ಆದ್ದರಿಂದ ದಡದವರೂ ಮೊದಲೇ ಕರೆದಿಟ್ಟುಕೊಳ್ಳಬೇಕು. ರಾಜ್ಯ ಕಾನೂನು ಸೇವಾ ಪ್ರಾಧಿಕಾರಗಳು ಕರಾವಳಿ ಜಿಲ್ಲೆಗಳಲ್ಲಿ ನೌಕಾ ಕಾನೂನು ಬಲ್ಲ ವಕೀಲರ ಪಟ್ಟಿಯನ್ನು ಶಾಂತಿಕಾಲದಲ್ಲೇ ಸಿದ್ಧವಿಟ್ಟುಕೊಂಡರೆ ಆಗುವ ಖರ್ಚು ಅಲ್ಪ. ಹಡಗು ತಪ್ಪಾಗಿ ತಡೆಹಿಡಿದದ್ದಕ್ಕೆ ಕೊಡಬೇಕಾದ ಮುಚ್ಚಳಿಕೆಯ ಹೊಣೆಯನ್ನು ಮೀನುಗಾರರ ಪರವಾಗಿ ಸರ್ಕಾರ ಹೊರಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 1ನೇ ಆದೇಶದ 8ನೇ ನಿಯಮದಲ್ಲಿ ಸಮಾನ ಹಿತಾಸಕ್ತಿಯುಳ್ಳ ಅನೇಕರ ಪರವಾಗಿ ಒಬ್ಬಿಬ್ಬರು ದಾವೆ ಹೂಡುವ ಅವಕಾಶ ಈಗಾಗಲೇ ಇದೆ. ಸಾವಿರ ಮಂದಿ ಸಾವಿರ ದಾವೆ ಹಾಕಬೇಕಿಲ್ಲ. 2025ರಲ್ಲಿ ಸಂಸತ್ತು 1958ರ ಕಾಯ್ದೆಯನ್ನು ಬದಿಗಿಟ್ಟು ಹೊಸ ವ್ಯಾಪಾರಿ ನೌಕಾ ಕಾಯ್ದೆಯನ್ನು ಅಂಗೀಕರಿಸಿದೆ. ಅದರಡಿ ನಿಯಮ ರೂಪಿಸುವ ಹೊತ್ತಿನಲ್ಲಿ ಬಂದರು ಕಂಪನಿಗಳ ಮಾತು ಕೇಳುವಷ್ಟೇ ಕಿವಿಗೊಟ್ಟು ಮೀನುಗಾರರ ಸಂಘಗಳ ಮಾತನ್ನೂ ಕೇಳಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಅವಘಡಕ್ಕೆ ಮೊದಲಿನ ದಾಖಲೆ. ಸೋರಿಕೆಗೆ ಮುನ್ನ ನೀರು ಹೇಗಿತ್ತು, ಯಾವ ತಿಂಗಳಲ್ಲಿ ಎಷ್ಟು ಬಂಗುಡೆ, ಎಷ್ಟು ಬೂತಾಯಿ ದಡಕ್ಕೆ ಬರುತ್ತಿತ್ತು ಎಂದು ತೋರಿಸಲಾಗದಿದ್ದರೆ, ನಂತರ ಕಡಿಮೆಯಾಯಿತೆಂಬ ಮಾತು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಎದುರು ಪಕ್ಷದ ತಜ್ಞರು ಮಳೆಗಾಲದ ಟ್ರಾಲಿಂಗ್ ನಿಷೇಧವನ್ನು ತೋರಿಸುತ್ತಾರೆ, ಕಡಲಿನ ಉಷ್ಣತೆಯನ್ನು ತೋರಿಸುತ್ತಾರೆ, ಅತಿಯಾದ ಮೀನುಗಾರಿಕೆಯನ್ನು ತೋರಿಸುತ್ತಾರೆ. ಅವೆಲ್ಲ ಸುಳ್ಳೂ ಅಲ್ಲ. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ದಶಕಗಳಿಂದ ಮೀನಿನ ಇಳುವರಿಯ ಅಂಕಿಅಂಶ ಸಂಗ್ರಹಿಸುತ್ತಾ ಬಂದಿದೆ. ಅದರ ಜೊತೆಗೆ ಸಹಕಾರ ಸಂಘದ ಮಾರಾಟ ಚೀಟಿ, ದೋಣಿಯ ನೋಂದಣಿ, ಡೀಸೆಲ್ ರಸೀದಿ ಇವನ್ನು ಹೊಂದಿಸಿದರೆ ಒಬ್ಬ ಮೀನುಗಾರನ ವರ್ಷದ ಆದಾಯವನ್ನು ನಂಬುವಂತೆ ಕಟ್ಟಿ ನಿಲ್ಲಿಸಬಹುದು. ಮೀನು ಒಣಗಿಸುವ, ಹೊತ್ತು ಮಾರುವ ಮಹಿಳೆಯರಿಗೆ ಈ ಚೀಟಿಗಳೂ ಇರುವುದಿಲ್ಲ. ಅವರ ಪ್ರಮಾಣಪತ್ರಗಳನ್ನು ಬರೆಸಿಕೊಳ್ಳುವುದು ವಕೀಲರು ಊರೂರಿಗೆ ಹೋಗಿ ಮಾಡಬೇಕಾದ ಕೆಲಸ.

ಇದನ್ನು ತಡ ಮಾಡುವಂತಿಲ್ಲ. ಮಾಲೀಕ ತನ್ನ ಹೊಣೆಯ ಮಿತಿಯಷ್ಟು ಹಣವನ್ನು ನ್ಯಾಯಾಲಯದಲ್ಲಿಟ್ಟು ಹೊಣೆ ಮಿತಿಯ ನಿಧಿ ಸ್ಥಾಪನೆಯಾದರೆ ಅದರ ಮೇಲೆ ಹಕ್ಕು ಮಂಡಿಸಲು ನ್ಯಾಯಾಲಯ ಗಡುವು ಕೊಡುತ್ತದೆ, ಬಂದ ಬೇಡಿಕೆಗಳ ಪ್ರಮಾಣಕ್ಕೆ ತಕ್ಕಂತೆ ಹಣ ಹಂಚಿಹೋಗುತ್ತದೆ. ಸರಕಿನ ಮಾಲೀಕರು, ವಿಮಾ ಕಂಪನಿಗಳು, ಸರ್ಕಾರದ ಇಲಾಖೆಗಳು ಆ ಗಡುವಿನೊಳಗೆ ಬಂದೇ ಬರುತ್ತಾರೆ. ಅಷ್ಟರೊಳಗೆ ಮೀನುಗಾರರ ಹೆಸರು, ದೋಣಿಯ ಸಂಖ್ಯೆ, ಕಳೆದುಕೊಂಡ ದಿನಗಳ ಲೆಕ್ಕವೂ ಅದೇ ಕಡತದೊಳಗೆ ಸೇರಿರಬೇಕು.